ಏಳು ಗೀಟು

ಸಂಶೋಧನೆ ಮಾಡುವ ಆ ಹುಡುಗಿಯನ್ನು ನಾನು ಮೊದಲು ನೋಡಿದ್ದು ಒಂದು ಸೋಮವಾರ, ಪ್ರಯೋಗಾಲಯದ ತೊಳೆಯುವ ಕೋಣೆಯಲ್ಲಿ. ಹಿಂದಿನ ವಾರವಷ್ಟೇ ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದ್ದೆ. ನಾನು ತೊಳೆದಿಟ್ಟ ಗಾಜಿನ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದಳು:

"ಎಷ್ಟು ಸಲ ಜಾಲಿಸಿದ್ರಿ, ಅಮ್ಮ?"

"ಮೂರು ಸಲ. ಮನೇಲಿ ಲೋಟಕ್ಕೆ ಎರಡೇ."

"ಇದು ಲೋಟ ಅಲ್ಲ, ಹಸುಗೂಸಿನ ಹಾಲಿನ ಬಾಟ್ಲಿ ಅಂದ್ಕೊಳ್ಳಿ. ಸೋಪು ಒಂದು ಚೂರು ಉಳಿದ್ರೂ ನಾವು ಬೆಳೆಸೋ ಜೀವಕೋಶಗಳು ಸತ್ತೋಗ್ತಾವೆ. ಏಳು ಸಲ ಬೇಕು, ಕೊನೇ ಎರಡು ಡಿಸ್ಟಿಲ್ಡ್ ನೀರಲ್ಲಿ."

ಆಮೇಲೆ ಒಳಗೆ ಕರೆದೊಯ್ದು ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಯಾರದೋ ತೋಳಿನ ಚರ್ಮದಿಂದ ತೆಗೆದ ಜೀವಕೋಶಗಳು. ಬಲಿತ ಕೋಶವನ್ನು ಮತ್ತೆ ಎಳೆಯದು ಮಾಡಿ, ಅದಕ್ಕೆ ಕಣ್ಣಿನ ಕೆಲಸ ಕಲಿಸುವುದಂತೆ.

"ತಾನು ಚರ್ಮ ಅನ್ನೋದನ್ನೇ ಮರೆಸಿಬಿಡ್ತೀವಿ, ಅಮ್ಮ. ಮರೆತ ಮೇಲೆ ಹೊಸದು ಕಲಿಯುತ್ತೆ."

ಅವಕ್ಕೆ ದಿನಾ ಉಣಿಸಬೇಕು. ಭಾನುವಾರವೂ ಬರುತ್ತಿದ್ದಳು, ಮೈ ಬಿಸಿಯಿದ್ದರೂ ಬರುತ್ತಿದ್ದಳು. ಅದಕ್ಕೇ ಉಳಿದವರು ಇಟ್ಟ ಹೆಸರು ಬಾಣಂತಿ. "ಏನ್ ಬಾಣಂತಿ, ಇವತ್ತೂ ರಜ ಇಲ್ವಾ?" ಅಂದರೆ, "ನಿಮ್ಮ ಥರ ಬಿದ್ಕೊಂಡು ನಿದ್ದೆ ಹೊಡೆಯೋ ಮಕ್ಕಳಲ್ಲ ನನ್ನವು" ಅನ್ನುತ್ತಿದ್ದಳು.

ನನಗೆ ಓದು ಬರಹ ಅಷ್ಟಕ್ಕಷ್ಟೆ. ಅದಕ್ಕೆ ದಿನಕ್ಕೊಂದು ರಟ್ಟಿನ ಚೀಟಿ ಕೊಟ್ಟಳು: ಒಂದು ಸಲ ಜಾಲಿಸಿದರೆ ಒಂದು ಗೀಟು. ಆರು ವರ್ಷ ಏಳು ಗೀಟು ತಪ್ಪಲಿಲ್ಲ.

ಒಂದು ಬುಧವಾರ ಡಿಸ್ಟಿಲ್ಡ್ ನೀರು ಮುಗಿದಿತ್ತು. ಕ್ಯಾನು ತರಲು ಎರಡು ಮಹಡಿ ಇಳಿದು ಹತ್ತಬೇಕು. ಮಂಡಿ ನೋವೆಂದು ಬೆಳಗ್ಗೆ ಅವಳ ಮುಂದೆಯೇ ಗೊಣಗಿದ್ದೆ. ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡು, ನಲ್ಲಿ ನೀರಲ್ಲೇ ನಾಲ್ಕು ಸಲ ಜಾಲಿಸಿ ಮುಗಿಸಿದೆ. ಗೀಟು ಮಾತ್ರ ಏಳು ಎಳೆದೆ.

ಶುಕ್ರವಾರದ ಹೊತ್ತಿಗೆ ತಟ್ಟೆಗಳಲ್ಲಿ ಕೋಶಗಳೆಲ್ಲ ಸತ್ತು ತೇಲುತ್ತಿದ್ದವು. ಕಣ್ಣು ಮಂಜಾಗುತ್ತಿದ್ದ ಒಬ್ಬ ದರ್ಜಿಯ ಕೋಶಗಳು. ನಾಲ್ಕು ತಿಂಗಳ ಕೆಲಸ. ಹಿರಿಯ ಡಾಕ್ಟರು ನಮ್ಮ ಕೋಣೆಯ ಬಾಗಿಲಲ್ಲೇ ಅವಳನ್ನು ನಿಲ್ಲಿಸಿ ಕೇಳಿದರು:

"ಬಾಟ್ಲಿ ಸರಿಯಾಗಿ ತೊಳೆದಿತ್ತೇನಮ್ಮ?"

ಅವಳು ಬುಧವಾರದ ಚೀಟಿ ನೋಡಿದಳು, ನನ್ನನ್ನು ನೋಡಿದಳು.

"ಚೀಟೀಲಿ ಏಳಿದೆ, ಸರ್. ನನ್ನ ಕೈಯಲ್ಲೇ ಏನೋ ತಪ್ಪಾಗಿರ್ಬೇಕು."

ನಾನು ಒದ್ದೆ ಕೈ ಒರೆಸಿದ್ದೇ ಒರೆಸಿದ್ದು. ಕೆಲಸ ಹೋದೀತೆಂಬ ಭಯ ಎಂದು ನನಗೆ ನಾನೇ ಹೇಳಿಕೊಂಡೆ. ಆ ಭಯ ವಾರಕ್ಕೆಲ್ಲ ಇಳಿಯಿತು, ಆಗಲೂ ಹೇಳಲಿಲ್ಲ.

ತಿಂಗಳೊಳಗೆ ಅವಳನ್ನು ಕೋಶಗಳ ಕೋಣೆಯಿಂದ ಬಿಡಿಸಿ, ಊರಾಚೆಯ ಉಗ್ರಾಣಕ್ಕೆ ಹಾಕಿದರು. ದರ್ಜಿಯ ಕೆಲಸವನ್ನು ಬೇರೆಯವರು ಮೊದಲಿನಿಂದ ಶುರು ಮಾಡಿದರು. ಅವನ ಕಣ್ಣು ಅಷ್ಟು ದಿನ ಕಾಯಿತೋ ಇಲ್ಲವೋ, ಕೇಳುವ ಮುಖ ನನಗಿರಲಿಲ್ಲ.

ಹೊರಡುವ ದಿನ ಅವಳು ತೊಳೆಯುವ ಕೋಣೆಗೆ ಬಂದಳು, ಕೈಯಲ್ಲಿ ತುಂಬಿದ ಡಿಸ್ಟಿಲ್ಡ್ ನೀರಿನ ಕ್ಯಾನು. ಎರಡು ಮಹಡಿ ಹೊತ್ತು ತಂದು ಏದುಸಿರು ಬಿಡುತ್ತಿದ್ದಳು. ನಾನು ಬಗ್ಗದೆ ಎತ್ತಿಕೊಳ್ಳುವಂತೆ ಅದನ್ನು ಕಟ್ಟೆಯ ಮೇಲಿಟ್ಟು, ನನ್ನ ಕಡೆ ತಿರುಗಿದಳು.

"ಮಂಡಿ ನೋವು ಈಗ ಹೇಗಿದೆ, ಅಮ್ಮ?"