ರೈಟ್ ಅನ್ನಬೇಕಾದವರು

ತಲೆದಿಂಬು ಎಂಬ ಪದದ ಮೇಲೆ ನನಗಿದ್ದ ವಿಶ್ವಾಸ ಈಚೆಗೆ ಪೂರ್ತಿ ಹೊರಟುಹೋಗಿದೆ. ಹೆಸರಿನಲ್ಲೇ ತಲೆಯನ್ನು ಹೊತ್ತುಕೊಂಡಿರುವ ಈ ವಸ್ತು, ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ, ತಲೆಯೊಂದನ್ನು ಬಿಟ್ಟು ಉಳಿದೆಲ್ಲ ಅವಯವಗಳಿಗೂ ಬೇಕಾಗುತ್ತದೆ ಎಂಬುದು ನನಗೆ ತಿಳಿದದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೊಂದು, ಮೊಣಕಾಲುಗಳ ನಡುವೆ ಒಂದು, ಬೆನ್ನಿಗೆ ಒತ್ತಾಗಿ ಒಂದು, ಸೋತ ಕೈಯ ಅಡಿಗೆ ಇನ್ನೊಂದು. ಹರಪನಹಳ್ಳಿಯ ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಕನ್ನಡ ಕಲಿಸುತ್ತಾ, ‘ತಲೆಗೆ ದಿಂಬು, ತತ್ಪುರುಷ ಸಮಾಸ’ ಎಂದು ಅದೆಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ! ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಉತ್ತರವನ್ನು ತಿದ್ದಿಕೊಳ್ಳಬೇಕು.

ಈ ಜ್ಞಾನೋದಯಕ್ಕೆ ಕಾರಣ ನನ್ನ ಅಪ್ಪ. ಹರಪನಹಳ್ಳಿಯಿಂದ ಕೊಟ್ಟೂರು, ಕೂಡ್ಲಿಗಿ, ಹಡಗಲಿ ಎಂದು ಮೂವತ್ತಮೂರು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತೇ ದುಡಿದವರು. ಅಮ್ಮ ಹೋದಮೇಲೆ ನನ್ನ ಜೊತೆಗೇ ಇದ್ದಾರೆ. ಹೋದ ಯುಗಾದಿಯ ಮುಂಚೆ ಅವರಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಬಲಗಡೆ ಉಳಿಯಿತು, ಎಡಗಡೆ ಸೋತಿತು. ಎಡಕ್ಕೆ ಬಲವಿಲ್ಲ ಎಂದು ನಾನು ಬಂದವರಿಗೆಲ್ಲ ಹೇಳುವಾಗ, ಬಲಗಡೆಗೂ ಶಕ್ತಿಗೂ ಒಂದೇ ಪದವಿಟ್ಟ ಕನ್ನಡದ ಜಾಣತನಕ್ಕೆ ಒಳಗೊಳಗೇ ತಲೆದೂಗುತ್ತಿದ್ದೆ. ಅಂಥ ಹೊತ್ತಿನಲ್ಲೂ ಶ್ಲೇಷೆ ಹೊಳೆಯುವ ಮಗಳಿಂದ ಅಪ್ಪನಿಗೆ ಆಗಬೇಕಾದದ್ದೇನು ಎಂದು ನೀವು ಕೇಳಬಹುದು, ನಾನೂ ಕೇಳಿಕೊಂಡಿದ್ದೇನೆ. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಸಲ ಹೊಡೆದರೆ ಮಾತು ಹೋಗಬಹುದು, ಆಗ ಉಸಿರಾಟದ ಯಂತ್ರ ಹಾಕಬೇಕೋ ಬೇಡವೋ ಎಂಬ ಪ್ರಶ್ನೆ ಬರುತ್ತದೆ, ಅವರ ಇಚ್ಛೆ ಏನೆಂದು ಈಗಲೇ ಕೇಳಿ ಬರೆಸಿಡಿ ಎಂದರು. ಅಂದಿನಿಂದ ನನ್ನ ಎದೆಯ ಮೇಲೆ ಕೂತಿದ್ದು ಆ ಒಂದು ಪ್ರಶ್ನೆ.

ಕೇಳುವುದನ್ನು ಮುಂದೂಡಲು ಆರೈಕೆ ಕಲಿಯುವುದು ಒಳ್ಳೆಯ ನೆಪವಾಯಿತು. ನಮ್ಮ ಓಣಿಯ ನರ್ಸ್ ಶಾಹಿದಾ ಭಾನುವಾರಗಳಂದು ಬಂದು ಪಾಠ ಮಾಡಿದಳು. ರೋಗಿಯ ಪಾತ್ರಕ್ಕೆ ಹಗರಿಬೊಮ್ಮನಹಳ್ಳಿಯಿಂದ ಬಂದ ನನ್ನ ಅಣ್ಣ ಮಲ್ಲೇಶಿಯನ್ನು ಮಲಗಿಸಲಾಯಿತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದ ಅಣ್ಣ ತೂಕದ ಮನುಷ್ಯ, ಆದರೆ ಕರುಳು ಬಲು ತೆಳು; ಅಪ್ಪನ ಎಡಗೈ ನೋಡಿದರೆ ಸಾಕು, ಕಣ್ಣು ತುಂಬಿಕೊಳ್ಳುತ್ತಾನೆ. ಅವನನ್ನು ಮಗ್ಗುಲಿಗೆ ಹೊರಳಿಸಿ ನಾಲ್ಕು ಕಡೆ ದಿಂಬು ಕೊಟ್ಟ ಹತ್ತೇ ನಿಮಿಷಕ್ಕೆ ರೋಗಿ ಗೊರಕೆ ಹೊಡೆಯತೊಡಗಿದ. ನಿಜವಾದ ರೋಗಿ ಕುರ್ಚಿಯಲ್ಲಿ ಕೂತು, “ಅವನ್ನ ಹಂಗಾ ಬಿಡ್ರಿ, ಪಾಪ, ದಣದಾನ” ಎಂದು ಶಿಫಾರಸು ಮಾಡಿದರು.

ಶಾಹಿದಾ ಬಿಡುವವಳಲ್ಲ. “ಮಲಗಿದ್ದೋರ ಬಾಯಾಗ ನೀರು ಹಾಕಬ್ಯಾಡ್ರಿ ಮೇಡಮ್ಮಾರೆ, ಶ್ವಾಸಕ್ಕ ಹೋಗತೈತಿ. ನೆಟ್ಟಗ ಕುಂದರಿಸಿ, ಗದ್ದ ಸ್ವಲ್ಪ ಕೆಳಗ ಮಾಡಿಸಿ, ಚಮಚದಾಗ ಒಂದೊಂದು ಗುಟುಕು ಕೊಡ್ರಿ” ಎಂದಳು. ಅಪ್ಪ ತಟ್ಟನೆ, “ಹಂಗಾರ ಕಡೀಗೆ ಬಾಯಿಗೆ ನೀರು ಬಿಡೋವಾಗೂ ನನ್ನ ಎಬ್ಬಿಸಿ ಕುಂದರಿಸ್ತೀರೇನು?” ಎಂದರು. ಶಾಹಿದಾ ನಕ್ಕಳು, ಎಚ್ಚರಾದ ಅಣ್ಣ ಅಳಲು ಶುರುಮಾಡಿದ, ನಾನು ಚಮಚ ತೊಳೆಯುವ ನೆವದಲ್ಲಿ ಅಡುಗೆಮನೆಗೆ ಓಡಿದೆ. ಪ್ರಶ್ನೆ ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ, ಮತ್ತು ನಾನು ಅದನ್ನು ಅಚ್ಚುಕಟ್ಟಾಗಿ ಕಳೆದುಕೊಂಡೆ.

ಹಾಸಿಗೆಯಿಂದ ಕುರ್ಚಿಗೆ ಎಬ್ಬಿಸುವ ಪಾಠ ಇನ್ನೂ ಸೊಗಸು. ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ, ಸೋತ ಕೈಯನ್ನು ಜಗ್ಗದೆ, ಒಂದು ಎರಡು ಮೂರು ಎಂದು ಎಣಿಸಿ ಎಲ್ಲರೂ ಒಟ್ಟಿಗೆ ಏಳಬೇಕು ಎಂದು ಶಾಹಿದಾ ಹೇಳಿಕೊಟ್ಟಿದ್ದಳು. ಅಣ್ಣ ಎರಡಕ್ಕೇ ಎತ್ತಿದ. ನಾನು ಮೂರು ಮುಗಿದಮೇಲೆ ಎತ್ತಬೇಕೆಂದು ಕಾದೆ. ಅಪ್ಪ ಒಂದಕ್ಕೂ ಮೊದಲೇ ಎದ್ದಿದ್ದರು. ಪರಿಣಾಮವಾಗಿ ಒಂದು ಕುಟುಂಬದ ಮೂವರು ಸದಸ್ಯರು ಒಂದೇ ಮಂಚದ ಮೇಲೆ ಸಾಲಾಗಿ ಕುಕ್ಕರಿಸಿದೆವು.

“ಮೂರು ಮಂದಿಗೆ ಮೂರು ಲೆಕ್ಕ ಆದ್ರ ಗಾಡಿ ಹಳ್ಳಕ್ಕ ಬೀಳತೈತಿ” ಎಂದರು ಅಪ್ಪ. “ಒಬ್ರು ಹೇಳ್ಬೇಕು, ಉಳದೋರು ಕೇಳ್ಬೇಕು. ಹೋಲ್ಡಾನ್ ಅಂದ್ರ ನಿಲ್ಲು. ರೈಟ್ ಅಂದ್ರ ಏಳು.” ಹೀಗೆ ನಮ್ಮ ಮನೆಯ ಶುಶ್ರೂಷೆ ಸಾರಿಗೆ ನಿಯಮಗಳಿಗೆ ಒಳಪಟ್ಟಿತು. ಬೆಳಿಗ್ಗೆ ಕಾಫಿಗೆ ರೈಟ್, ಬಚ್ಚಲಿಗೆ ರೈಟ್, ಹೊಸ್ತಿಲು ಬಂತೆಂದರೆ ಹೋಲ್ಡಾನ್. ಬಾಗಿಲಲ್ಲಿ ನಿಂತ ತರಕಾರಿಯವಳು ಒಮ್ಮೆ ಹೆದರಿ ಹಿಂದೆ ಸರಿದದ್ದೂ ಉಂಟು. ಆದರೆ ಹೇಳುವ ಅಧಿಕಾರವನ್ನು ಅಪ್ಪ ಯಾರಿಗೂ ಬಿಟ್ಟುಕೊಡಲಿಲ್ಲ. ಎತ್ತಿಸಿಕೊಳ್ಳುವವರೂ ಅವರೇ, ರೈಟ್ ಅನ್ನುವವರೂ ಅವರೇ.

ಕೊನೆಗೆ ಕೇಳುವುದನ್ನು ಬಿಟ್ಟು ಬರೆಯುವುದೇ ವಾಸಿ ಎಂದುಕೊಂಡೆ. ಕನ್ನಡ ಈ ವಿಷಯದಲ್ಲಿ ಬಲು ಸಂಕೋಚದ ಭಾಷೆ. ಮನೆಯಿಂದ ಹೊರಟವರು ಹೋಗುತ್ತೇನೆ ಅನ್ನುವಂತಿಲ್ಲ, ಬರುತ್ತೇನೆ ಅನ್ನಬೇಕು. ದೀಪವನ್ನು ಆರಿಸುವಂತಿಲ್ಲ, ದೊಡ್ಡದು ಮಾಡಬೇಕು. ಇಂಥ ಭಾಷೆಯಲ್ಲಿ ‘ನೀನು ಸಾಯುವಾಗ’ ಎಂದು ಅಪ್ಪನ ಮುಖ ನೋಡಿ ವಾಕ್ಯ ಶುರುಮಾಡುವುದು ಹೇಗೆ? ನಾನು ಸಂಸ್ಕೃತದ ಸೆರಗಿನ ಹಿಂದೆ ಅಡಗಿಕೊಂಡು, ‘ಅಂತಿಮಕಾಲೀನ ಶುಶ್ರೂಷಾ ಪೂರ್ವನಿರ್ಧಾರ ಘೋಷಣಾಪತ್ರ’ ಎಂದು ಶೀರ್ಷಿಕೆ ಕೊಟ್ಟು, ಸಾಕ್ಷಿಗಳಿಬ್ಬರ ಸಹಿಗೂ ನೋಟರಿಯ ಮುದ್ರೆಗೂ ಜಾಗ ಬಿಟ್ಟು, ಒಂದು ಭಾನುವಾರ ಅಣ್ಣನ ಎದುರಿಗೇ ಅಪ್ಪನ ಕೈಗಿತ್ತೆ. ಅಪ್ಪ ಕನ್ನಡಕ ಏರಿಸಿ, ಶೀರ್ಷಿಕೆಯನ್ನು ಎರಡು ಸಲ ಓದಿ, “ಇಷ್ಟುದ್ದ ಬೋರ್ಡು ಯಾವ ಬಸ್ಸಿಗೂ ಹಿಡಿಯಂಗಿಲ್ಲ, ಸುಮಿ” ಎಂದರು. ಆಮೇಲೆ ಯಂತ್ರ ಹಾಕಿಸಬೇಕೋ ಬೇಡವೋ ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟು, “ರೈಟ್” ಅಂದರು. ಅಷ್ಟೇ. ಕಾಗದ ಮಡಚಿ ದಿಂಬಿನ ಕೆಳಗಿಟ್ಟು ಚಹಾ ಕೇಳಿದರು.

ಆ ರೈಟ್ ಎಂಬ ಒಂದೇ ಪದ ಅಣ್ಣನ ಮತ್ತು ನನ್ನ ನಡುವೆ ಬಿರುಕು ತಂದಿತು. “ಅಪ್ಪ ರೈಟ್ ಅಂದಾನ, ಅಂದ್ರ ಹೂಂ ಅಂದಂಗ, ಮೆಷಿನ್ ಹಾಕಸ್ರಿ ಅಂತ” ಎಂದು ಅಣ್ಣ ಹಗರಿಬೊಮ್ಮನಹಳ್ಳಿಯಿಂದ ದಿನಕ್ಕೆರಡು ಸಲ ಫೋನು ಮಾಡಿದ. ರೈಟ್ ಅಂದರೆ ಗಾಡಿ ಬಿಡು, ನನ್ನನ್ನು ಹೋಗಲು ಬಿಡು ಎಂದರ್ಥ ಎಂದು ನಾನು. ನಮ್ಮ ಕಾಲೇಜಿನ ಇಂಗ್ಲಿಷ್ ಉಪನ್ಯಾಸಕರನ್ನು ಕೇಳಿದರೆ ಹಕ್ಕು, ಸರಿ, ಬಲಗಡೆ ಎಂದು ಇನ್ನೂ ಮೂರು ಅರ್ಥ ಕೊಟ್ಟು ಉಪಕಾರ ಮಾಡಿದರು. “ನಿನಗ ಅಪ್ಪ ಭಾರ ಆಗ್ಯಾನ, ಅದಕ್ಕ ಹಂಗ ಅರ್ಥ ಮಾಡ್ತಿ” ಎಂದು ಅಣ್ಣ ಒಂದು ದಿನ ಅಂದುಬಿಟ್ಟ. ಅಂದ ಮರುಕ್ಷಣವೇ ಅತ್ತ. ನಾನು ಅಳಲಿಲ್ಲ, ಎರಡು ದಿನ ಊಟ ಮಾತ್ರ ಸೇರಲಿಲ್ಲ. ಏಕೆಂದರೆ ಅವನು ಹೇಳಿದ್ದು ಸುಳ್ಳೆಂದು ನನಗೆ ಗೊತ್ತಿದ್ದರೂ, ನನ್ನ ಅರ್ಥವೇ ನಿಜವೆಂಬ ಧೈರ್ಯ ನನಗಿರಲಿಲ್ಲ. ಮಾತು ಹೋದಮೇಲೆ, ನೀನು ತಪ್ಪು ತಿಳಿದೆ ಎಂದು ಹೇಳಲು ಅಪ್ಪನಿಂದ ಆಗುವುದೂ ಇಲ್ಲವಲ್ಲ!

ಮೊನ್ನೆ ಸಂಜೆ, ಅಪ್ಪನನ್ನು ಕುರ್ಚಿಗೆ ಎಬ್ಬಿಸಲು ಪಟ್ಟಿ ಕಟ್ಟಿ ಎದುರಿಗೆ ನಿಂತಾಗ, ಯಾವ ಸಮಾಸದ ಸಹಾಯವೂ ಇಲ್ಲದೆ ಬಾಯಿಂದ ಬಂದುಬಿಟ್ಟಿತು: “ಅಪ್ಪಾ, ಅವತ್ತು ರೈಟ್ ಅಂದ್ಯಲ್ಲ, ಹಾಕಸು ಅಂತೋ, ಬಿಡು ಅಂತೋ?”

“ಬಿಡು ಅಂತ” ಎಂದರು ಅಪ್ಪ, ಒಂದಿಷ್ಟೂ ತಡವರಿಸದೆ. “ಮೆಷಿನ್ ಬ್ಯಾಡ. ದವಾಖಾನಿಗೂ ಬ್ಯಾಡ. ನೋವಾದ್ರ ಶಾಹಿದಾನ್ನ ಕರಿ, ನೋವಿಗೆ ಏನೈತೋ ಕೊಡ್ಲಿ. ಈ ಮಂಚದ ಮ್ಯಾಲ ಸಾಕು.”

ಹಾಗಾದರೆ ಅವತ್ತೇ ಬಿಡಿಸಿ ಹೇಳಬಾರದಿತ್ತೇ, ಹದಿನೈದು ದಿನದಿಂದ ನಾವಿಬ್ಬರು ಕಚ್ಚಾಡಿದ್ದೇವೆ ಎಂದು ರೇಗಿದೆ. “ಮಲ್ಲೇಶಿ ಎದುರಿಗಿದ್ದ. ಅವ ಅಳ್ತಾನ. ಅವಗ ನಾ ಫೋನಿನಾಗ ಹೇಳ್ತೀನಿ, ಆ ಕಡಿಗೆ ಅಳ್ಲಿ” ಎಂದರು. ಆಮೇಲೆ, ಆ ಕಾಗದದಲ್ಲಿ, ಮಾತು ಹೋದಮೇಲೆ ತನ್ನ ಪರವಾಗಿ ಮಾತಾಡುವವರ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆಯಬೇಕೆಂದರು. ನನ್ನಿಂದ ಆಗುವುದಿಲ್ಲ ಎಂದೆ. ಅಪ್ಪನ ಮೇಲಿನ ಪ್ರೀತಿ ಅಷ್ಟು ಭಯವಾಗಿ ಹಿಂದೆಂದೂ ನನ್ನ ಮೈಗೆ ಬಂದಿರಲಿಲ್ಲ.

“ಆಗತೈತಿ. ಇಳಿಯೋ ಮನಷ್ಯಾ ತಾನಾ ರೈಟ್ ಅನ್ನಾಕ ಬರಂಗಿಲ್ಲ ಸುಮಿ, ಅದು ಮ್ಯಾಲ ನಿಂತೋರ ಕೆಲಸ. ಡ್ರೈವರಿಗೆ ಹಿಂದಿಂದು ಕಾಣಂಗಿಲ್ಲ. ನೀನಾ ನೋಡ್ಬೇಕು. ಎರಡೂ ಕಾಲು ನೆಲಕ್ಕ ಹತ್ಯಾವೋ ಇಲ್ಲೋ ನೋಡಿ ಅನ್ನು. ಅವಸರ ಮಾಡಬ್ಯಾಡ. ತಡಾನೂ ಮಾಡಬ್ಯಾಡ.” ಇಷ್ಟು ಹೇಳಿ ಬಲಗೈಯಿಂದ ನನ್ನ ಭುಜ ಹಿಡಿದುಕೊಂಡು, “ಇವತ್ತಿಂದ ನಾ ಅನ್ನಂಗಿಲ್ಲ. ನೀನಾ ಅನ್ನು” ಎಂದರು.

ಎಂಬತ್ತು ಮಕ್ಕಳ ತರಗತಿಯ ಕೊನೆಯ ಬೆಂಚಿಗೂ ಕೇಳುವಂತೆ ಹಳಗನ್ನಡ ಓದುವ ನನ್ನ ಗಂಟಲಿನಿಂದ ಆ ಪದ ಹೊರಬಂದಾಗ ನನಗೇ ಸರಿಯಾಗಿ ಕೇಳಲಿಲ್ಲ. ಅಪ್ಪ ಅಲ್ಲಾಡಲಿಲ್ಲ. ಇನ್ನೊಮ್ಮೆ ಅಂದೆ. “ಜೋರಾಗಿ ಅನ್ನಬೇಕು,” ಎಂದರು, “ಡ್ರೈವರಿಗೆ ಕೇಳಬೇಕಲ್ಲ.”

ಮೂರನೆಯ ಸಲ ಜೋರಾಗಿ ರೈಟ್ ಅಂದೆ. ಅಪ್ಪ ಎದ್ದು ನಿಂತರು.