ದಂಡೆಯ ಮೇಲಿನ ಚಪ್ಪಲಿ

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನೆಯುತ್ತಿರಬಹುದು. ಅಂದು ಹೊಳೆಯ ಮೇಲೆ ಮಂಜಿತ್ತೋ ಇಲ್ಲವೋ, ಅತ್ತೆ ಉಟ್ಟ ಸೀರೆಯ ಬಣ್ಣ ಯಾವುದೋ, ಆಣೆ ಮಾಡಿ ಹೇಳಲಾರೆ. ಪುಣೆಯ ಕಾಲೇಜಿನಲ್ಲಿ ಓದಿ ಬಂದವಳು ನಾನು. ಇಂಥ ಕಥೆ ಹೇಳುವವರನ್ನು ಕಂಡರೆ ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಅತ್ತೆ ನನ್ನ ತಂದೆಯ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ ಬಾಗಲಕೋಟೆಯ ನಮ್ಮ ಮನೆಯಲ್ಲೇ ಉಳಿದು ನಮ್ಮನ್ನೆಲ್ಲ ಬೆಳೆಸಿದವಳು. ಅಣ್ಣನ ಮದುವೆಯಲ್ಲಿ ಫೋಟೋ ತೆಗೆಯುವವನು ಬೆಳಗಾವಿಯಿಂದ ಬಂದು ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿದಾಗ ಅವಳು ಅಡುಗೆಮನೆ ಬಿಟ್ಟು ಬರಲಿಲ್ಲ. ವಿಧವೆಯರು ಮದುವೆಯ ಫೋಟೋದಲ್ಲಿ ನಿಲ್ಲುವ ರೂಢಿ ಇರಲಿಲ್ಲ. ಯಾರೂ ಅವಳನ್ನು ಕರೆಯಲೂ ಇಲ್ಲ. ಆಮೇಲೆ ಊಟದ ತಾಟು ಒರೆಸುತ್ತ, "ನನ್ನ ಮಾರಿ ಹೆಂಗಿತ್ತಂತ ಮುಂದ ಯಾರಿಗೆ ಗೊತ್ತಾಗತೈತಿ, ಯವ್ವಾ?" ಎಂದು ನಕ್ಕಿದ್ದಳು.

ಆ ಚಳಿಗಾಲ ಅಣ್ಣನ ಕ್ಯಾಮೆರಾವನ್ನು ಎತ್ತಿನ ಚಕ್ಕಡಿಯಲ್ಲಿಟ್ಟುಕೊಂಡು ನಾವಿಬ್ಬರೂ ಕಲಾದಗಿಗೆ ಹೋದೆವು. ಘಟಪ್ರಭೆಯ ನೀರು ಇಳಿದು ಮರಳು ತೋರಿದ್ದ ಕಡೆ ಕೊಕ್ಕರೆಗಳು ಮೀನಿಗಾಗಿ ಕಾಯುತ್ತ ನಿಂತಿದ್ದವು. ಒಂದೊಂದು ಚಿತ್ರಕ್ಕೆ ಒಂದೊಂದರಂತೆ ಕ್ಯಾಮೆರಾಕ್ಕೆ ಹಾಕುವ ಗಾಜಿನ ಫಲಕ ನನ್ನ ಬಳಿ ಉಳಿದದ್ದು ಎರಡೇ. ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿ, ಮೊದಲನೆಯದರಲ್ಲಿ ಹಕ್ಕಿಗಳ ಚಿತ್ರ ತೆಗೆದೆ.

"ಕರಿ ಅರಿವಿ ಮುಸುಕು ಹಾಕ್ಕೊಂಡು ಕುಂತಿದ್ದಿ. ಹಕ್ಕಿ ಹೆದರಲಿಲ್ಲ, ನನಗ ಹೆದರಿಕಿ ಆತು ನೋಡು," ಎಂದು ಅತ್ತೆ ಛೇಡಿಸಿದಳು.

"ಇನ್ನೊಂದು ನಿನಗ, ಅತ್ತಿ. ಹೋಗಿ ನೀರಾಗ ನಿಂದ್ರು. ನಾ ಹೇಳೂತನಾ ಅಲುಗಬ್ಯಾಡ."

"ಹುಚ್ಚಿ, ನನ್ನ ಫೋಟೋ ಯಾರು ನೋಡ್ತಾರ?"

ಹಾಗೆನ್ನುತ್ತಲೇ ಚಪ್ಪಲಿ ಬಿಟ್ಟು, ಸೆರಗು ತಲೆಯ ಮೇಲೆ ಸರಿಮಾಡಿಕೊಂಡು, ಹಣೆಯ ವಿಭೂತಿ ನೆಟ್ಟಗಿದೆಯೇ ಎಂದು ನನ್ನನ್ನು ಕೇಳಿ ನೀರಿಗಿಳಿದಳು. ಕೊಕ್ಕರೆಗಳು ಒಮ್ಮೆಲೇ ಎದ್ದು ಹಾರಿಹೋದವು. ಹೊಳೆಯಲ್ಲಿ ಅವಳೊಬ್ಬಳೇ ಉಳಿದಾಗ ಎರಡನೆಯ ಗಾಜಿನಲ್ಲಿ ಅವಳ ಚಿತ್ರ ತೆಗೆದೆ. ಅಷ್ಟು ನೆಟ್ಟಗೆ ಅವಳು ನಿಂತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಮನೆಗೆ ಬಂದು, ಕತ್ತಲೆ ಕೋಣೆಯಲ್ಲಿ ಗಾಜುಗಳನ್ನು ಔಷಧದ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು ಕಾಗದದ ಮೇಲೆ ಚಿತ್ರ ಮೂಡಿಸಿದೆ. ಎರಡನೆಯದರಲ್ಲಿ ಅತ್ತೆ ಇರಲಿಲ್ಲ. ಕೊಕ್ಕರೆಗಳಿದ್ದವು, ಒಂದೂ ಅಲುಗದೆ. ಗಾಜು ಅದಲುಬದಲಾಗಿರಬೇಕು ಎಂದುಕೊಂಡೆ. ಆದರೆ ದಂಡೆಯ ಮೇಲೆ ಅವಳು ಬಿಟ್ಟ ಚಪ್ಪಲಿ ಸ್ಪಷ್ಟವಾಗಿ ಮೂಡಿತ್ತು. ಮೊದಲನೆಯ ಚಿತ್ರದಲ್ಲಿ ಚಪ್ಪಲಿ ಇರಲಿಲ್ಲ. ತಪ್ಪಿ ಒಂದೇ ಗಾಜಿನಲ್ಲಿ ಎರಡು ಸಲ ಚಿತ್ರ ತೆಗೆದಿದ್ದರೂ ಅವಳು ನೆರಳಿನಂತಾದರೂ ಕಾಣಬೇಕಿತ್ತು. ಹಕ್ಕಿಗಳು ಹಾರಿದ್ದನ್ನು ನಾನೇ ಆಮೇಲೆ ಕಲ್ಪಿಸಿಕೊಂಡೆನೇ? ಹಾಗೆಂದುಕೊಂಡರೂ, ಅವಳೆಲ್ಲಿ?

ಮುಂಬಯಿಯಿಂದ ಹೊಸ ಗಾಜು ತರಿಸಿದೆ. ಎಷ್ಟು ಬೇಡಿಕೊಂಡರೂ ಅತ್ತೆ ಮತ್ತೆ ಕ್ಯಾಮೆರಾದ ಮುಂದೆ ಬರಲಿಲ್ಲ. ಮರುವರ್ಷ ಜ್ವರ ಬಂದು ತೀರಿಕೊಂಡಳು. ಅಣ್ಣನ ಮಕ್ಕಳು ಈಗ, ಅಜ್ಜಿ ಹೇಗಿದ್ದಳು ಎಂದು ಕೇಳುತ್ತಾರೆ. ಮೂಗು ಹೀಗಿತ್ತು, ಹಣೆ ಹೀಗಿತ್ತು ಎಂದು ಹೇಳಲು ಹೊರಡುತ್ತೇನೆ. ಪ್ರತಿ ಸಲವೂ ಮುಖ ಬೇರೆಯಾಗುತ್ತದೆ.

ಅಂದು ಆ ಎರಡನೆಯ ಚಿತ್ರವನ್ನು ಅತ್ತೆಯ ಕೈಗಿತ್ತಾಗ ಅವಳು ಬಹಳ ಹೊತ್ತು ನೋಡಿದಳು. ಚಪ್ಪಲಿಯ ಮೇಲೆ ಬೆರಳಾಡಿಸಿದಳು. ನಾನು ಒಂದು ಮಾತು ಕೇಳಿದಾಗ ಚಿತ್ರವನ್ನು ನನಗೇ ಹಿಂದಿರುಗಿಸಿ, ಒಲೆ ಹೊತ್ತಿಸಲು ಎದ್ದುಹೋದಳು. ನಾನು ಕೇಳಿದ್ದು ಇಷ್ಟೇ:

"ಅತ್ತಿ, ನೀ ಅಲ್ಲೇ ನಿಂತಿದ್ದಿ, ಹೌದಲ್ಲ?"