ಎಕ್ಕಂಬಿಯ ರೋಹಿಣಿ ಎಳೆದ ದಂಡೆಯ ಗೆರೆ

ಎಕ್ಕಂಬಿಯ ಕೆರಿಯಪ್ಪನ ಮಗಳು ರೋಹಿಣಿಗೆ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬುವ ಅಭ್ಯಾಸ ಚಿಕ್ಕಂದಿನಿಂದಲೂ ಇರಲಿಲ್ಲ. ಅಂಗಡಿಗೆ ಹೋದರೆ ಅಂಗಡಿಯವನ ಮುಖಕ್ಕಿಂತ ತಕ್ಕಡಿಯ ಮುಳ್ಳಿನ ಮೇಲೇ ಅವಳ ಕಣ್ಣು. ಭೂಗೋಳ ಓದಿ, ಉಪಗ್ರಹ ಚಿತ್ರಗಳಿಂದ ನಕಾಶೆ ಮಾಡುವುದನ್ನು ಕಲಿತು, ಶಿರಸಿಯಲ್ಲಿ ಕಮಲಾಕರ ಹೆಗಡೆಯವರ ಸರ್ವೆ ಕಚೇರಿಗೆ ಸೇರಿದ ಮೇಲೆ ಆ ಗುಣವೇ ಅವಳ ಕೈ ಹಿಡಿಯಿತು. ರೋಹಿಣಿ ನೋಡಿ ಬಿಟ್ಟ ನಕಾಶೆಯಲ್ಲಿ ತಪ್ಪು ಸಿಗುವುದು ಕಷ್ಟ ಎಂದು ಕಮಲಾಕರರೇ ಬಂದವರೆದುರು ಹೇಳುತ್ತಿದ್ದರು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಕಚೇರಿಗೆ ಘಟ್ಟದ ಕೆಳಗಿನ ಕೆಲಸವೊಂದು ಬಂತು. ಕುಮಟಾದಿಂದಾಚೆ ಒಂದು ಸಣ್ಣ ಬಂದರಿನಲ್ಲಿ ಅಲೆ ತಡೆಯುವ ಕಲ್ಲಿನ ಗೋಡೆ ಕಟ್ಟಿ ಎಷ್ಟೋ ವರ್ಷಗಳಾಗಿದ್ದವು. ಬಂದರು ನಡೆಸುವ ಕಂಪನಿಗೆ ಅದನ್ನು ಇನ್ನಷ್ಟು ಉದ್ದ ಮಾಡಬೇಕಿತ್ತು. ಗೋಡೆ ಬಂದಮೇಲೆ ಅಕ್ಕಪಕ್ಕದ ದಂಡೆ ಎಷ್ಟು ಸರಿದಿದೆ ಎಂಬ ವರದಿ ಅದಕ್ಕೆ ಮೊದಲು ಬೇಕು. ಉಪಗ್ರಹ ತೆಗೆದ ಹಳೆಯ ಚಿತ್ರದಲ್ಲಿ ದಂಡೆಗುಂಟ ಒಂದು ಗೆರೆ, ಹೊಸ ಚಿತ್ರದಲ್ಲಿ ಇನ್ನೊಂದು ಗೆರೆ ಎಳೆದು, ಒಂದರ ಮೇಲೊಂದು ಇಟ್ಟರೆ ಕಡಲು ಎಲ್ಲಿ ಮುಂದೆ ಬಂದಿದೆ, ಎಲ್ಲಿ ಹಿಂದೆ ಸರಿದಿದೆ ಎಂಬುದು ಕಾಣುತ್ತದೆ.

ಇಂಥ ಕೆಲಸವೆಲ್ಲ ರೋಹಿಣಿಯ ಪಾಲಿಗೇ ಬರುತ್ತಿತ್ತು. ಈ ಸಲ ಮಾತ್ರ ಕಮಲಾಕರರು ತಾವೇ ಇಟ್ಟುಕೊಂಡರು. ಅವಳಿಗೆ ಮೊದಲು ಇರಿಸುಮುರಿಸಾದದ್ದು ಅಲ್ಲಿ. ಕಂಪನಿಯ ಪರವಾಗಿ ಓಡಾಡುತ್ತಿದ್ದ ವಿನೋದ ಬಂದಾಗಲೆಲ್ಲ ಇಬ್ಬರೂ ಒಳಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವಳು ಏನಾದರೂ ಕೇಳಲು ಒಳಗೆ ಹೋದರೆ ಮಾತು ಥಟ್ಟನೆ ಅಡಿಕೆ ದರಕ್ಕೆ ತಿರುಗುತ್ತಿತ್ತು.

ಕೊನೆಗೆ ಕರಡು ವರದಿ, ಭಾಷೆ ತಿದ್ದುವುದಕ್ಕೆಂದು, ಅವಳ ಮೇಜಿಗೆ ಬಂತು. ದಂಡೆ ಒಟ್ಟಾರೆ ಸ್ಥಿರವಾಗಿದೆ ಎಂದು ಅದರಲ್ಲಿತ್ತು. ರೋಹಿಣಿ ಭಾಷೆ ಬಿಟ್ಟು ಚಿತ್ರಗಳ ತಾರೀಖು ನೋಡಿದಳು. ಹಳೆಯದು ಮಳೆಗಾಲ ಮುಗಿಯುತ್ತಿದ್ದಂತೆ ತೆಗೆದದ್ದು, ಹೊಸದು ಏಪ್ರಿಲ್ ತಿಂಗಳದ್ದು. ಮಳೆಗಾಲದ ಅಲೆ ಮರಳನ್ನು ಎಳೆದೊಯ್ದು ದಂಡೆಯನ್ನು ಸಪೂರ ಮಾಡುತ್ತದೆ. ಬೇಸಿಗೆಯ ಹೊತ್ತಿಗೆ ಮರಳು ವಾಪಸು ಬಂದು ದಂಡೆ ಅಗಲವಾಗುತ್ತದೆ. ಅಂದಿನ ಸಪೂರ ದಂಡೆಯನ್ನು ಇಂದಿನ ಅಗಲ ದಂಡೆಗೆ ಹೋಲಿಸಿದರೆ ನಡುವಿನ ವರ್ಷಗಳ ಕೊರೆತವೆಲ್ಲ ಮುಚ್ಚಿಹೋಗುತ್ತದೆ. ಅವಳ ಚಿಕ್ಕಮ್ಮ ದೇವಿಯ ಮನೆ ಅದೇ ಬಂದರಿನ ಉತ್ತರದ ಕೇರಿಯಲ್ಲಿತ್ತು. ಶಾಲೆಯ ರಜೆಗಳಲ್ಲಿ ಆ ದಂಡೆ ಕುಗ್ಗುವುದನ್ನೂ ಹಿಗ್ಗುವುದನ್ನೂ ಅವಳು ಕಣ್ಣಾರೆ ಕಂಡಿದ್ದಳು.

ಇದು ಕಣ್ತಪ್ಪೋ, ಕೈಚಳಕವೋ? ಅವಳು ಯಾರನ್ನೂ ಕೇಳಲಿಲ್ಲ. ಉಳಿದವರು ಊಟಕ್ಕೆ ಹೋದ ಹೊತ್ತಿನಲ್ಲಿ, ಯಾರಿಗೂ ಸಿಗುವಂಥ ಉಪಗ್ರಹ ಚಿತ್ರಗಳನ್ನು ತಾನೇ ಇಳಿಸಿಕೊಂಡು, ಬೇಸಿಗೆಗೆ ಬೇಸಿಗೆಯನ್ನು ಜೋಡಿಸಿ ಗೆರೆ ಎಳೆದಳು. ಬಂದರಿನ ಉತ್ತರಕ್ಕೆ ಹೊಸ ಗೆರೆ ಚಿಕ್ಕಮ್ಮನ ತೆಂಗಿನ ಸಾಲಿನವರೆಗೂ ಒಳನುಗ್ಗಿತ್ತು. ಹಿಂದೆ ತಿರುಗಿದರೆ ಕಮಲಾಕರರು ನಿಂತಿದ್ದರು.

ತಿಂಗಳುಗಳು ಹೊಂದುತ್ತಿಲ್ಲ ಎಂದು ಅವಳು ನೇರವಾಗಿಯೇ ಹೇಳಿದಳು. ಕಮಲಾಕರರು ಪರದೆಯ ಮೇಲಿನ ಗೆರೆ ನೋಡಿ ಕೆರಳಿದರು. ಸಿಟ್ಟು ಬಂದಾಗ ಅವರಿಗೆ ಮನೆಯ ಹವ್ಯಕ ಮಾತೇ ಬಾಯಿಗೆ ಬರುತ್ತಿತ್ತು.

“ನಿನ್ನ ಚಿಕ್ಕಮ್ಮನ ಮನೆ ಅಲ್ಲೇ ಅಲ್ದಾ? ಆನು ಈ ಕೆಲಸ ನಿಂಗೆ ಕೊಡದೇ ಇದ್ದದ್ದು ಅದ್ಕೇ. ನಾಳೆ ಯಾರಾದ್ರೂ ಕೇಳಿದ್ರೆ ಎಂತ ಹೇಳದು?”

ಚಿತ್ರಗಳು ಕಂಪನಿಯಿಂದಲೇ ಬಂದದ್ದು, ತಾರೀಖಿನ ಕಡೆ ತಾವು ಲಕ್ಷ್ಯ ಕೊಟ್ಟಿರಲಿಲ್ಲ ಎಂದೂ ಅವರು ಹೇಳಿದರು. ಇಷ್ಟು ವರ್ಷ ನಕಾಶೆ ಮಾಡಿದವರು ತಾರೀಖು ನೋಡಿರಲಿಲ್ಲವೇ? ಆ ಮಾತು ರೋಹಿಣಿಗೆ ಗಂಟಲಲ್ಲಿ ಇಳಿಯಲಿಲ್ಲ.

ಭಾನುವಾರ ಅವಳು ಬಸ್ಸು ಹತ್ತಿ ಘಟ್ಟ ಇಳಿದಳು. ಚಿಕ್ಕಮ್ಮನೊಡನೆ ದಂಡೆಯಲ್ಲಿ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದಾಗ, ಮೀನು ಒಣಗಿಸುತ್ತಿದ್ದ ನೆರೆಮನೆಯ ಹೆಂಗಸೊಬ್ಬಳು ಎದ್ದು ಬಂದಳು. ಕಂಪನಿಯವಳಾ ಎಂದು ಕೇಳಿದಳು. ನನ್ನ ಅಕ್ಕನ ಮಗಳು ಎಂದಳು ದೇವಿ.

“ಅಳತೆ ಮಾಡೂಕೆ ಬಂದವ್ರೆಲ್ಲ ಯಾರದ್ದೋ ಅಕ್ಕನ ಮಕ್ಕಳೇಯ,” ಎಂದ ಆಕೆ, ರೋಹಿಣಿ ಮೊಬೈಲನ್ನು ಚೀಲಕ್ಕೆ ಹಾಕುವವರೆಗೂ ಅಲ್ಲಿಂದ ಕದಲಲಿಲ್ಲ.

ದೇವಿ ಮಾತ್ರ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತ ಹೋದಳು. ಕಡಲು ಒಳಗೆ ಬರುತ್ತಿರುವುದು ಹೌದು. ಆದರೆ ಒಂದು ಬೇಸಿಗೆಯಲ್ಲಿ ಚಂಡಮಾರುತ ಎದ್ದು ತೆಂಗಿನ ಬುಡದವರೆಗೂ ಮರಳು ತಿಂದಿತ್ತು, ಆಮೇಲೆ ಅದರಲ್ಲಿ ಅರ್ಧ ವಾಪಸು ಬಂತು ಎಂದಳು. ಅದು ಯಾವ ವರ್ಷ ಎಂದು ಕೇಳಿದ ರೋಹಿಣಿ ಮೊಬೈಲು ತೆಗೆದು ತನ್ನ ಚಿತ್ರಗಳ ತಾರೀಖು ನೋಡಿದಳು. ಹೊಸ ಗೆರೆಗೆ ಅವಳು ಆರಿಸಿದ್ದ ಚಿತ್ರ ಆ ಚಂಡಮಾರುತದ ಮರುವಾರದ್ದು.

ಮೋಡವಿಲ್ಲದ ಬೇರೆ ಚಿತ್ರಗಳೂ ಇದ್ದವಲ್ಲ, ಇದನ್ನೇ ಯಾಕೆ ಆರಿಸಿದೆ? ಚೊಕ್ಕವಾಗಿತ್ತೆಂದೋ, ಹೆಚ್ಚು ಕೊರೆತ ತೋರಿಸುತ್ತದೆಂದೋ? ವಾಪಸು ಬರುವಾಗ ಬಸ್ಸಿನಲ್ಲೂ ಅದನ್ನೇ ಕೇಳಿಕೊಂಡಳು. ಕಮಲಾಕರರ ಮೇಲೆ ತಾನು ಹೊರಿಸಿದ್ದ ಗುಮಾನಿಯೇ ಈಗ ತನ್ನ ಮೇಲೂ ಕೂತಿತ್ತು.

“ನಿಮ್ಮದೂ ಸರಿ ಇಲ್ಲ ಸರ್, ನನ್ನದೂ ಸರಿ ಇಲ್ಲ,” ಎಂದಳು ಸೋಮವಾರ ಬೆಳಿಗ್ಗೆ. ಗೆರೆ ಎಳೆಯುವ ಕೈ ತಮ್ಮಿಬ್ಬರದ್ದೂ ಆಗಬಾರದು ಎಂದೂ ಹೇಳಿದಳು.

ಕಮಲಾಕರರು ಒಪ್ಪಿದರು. ಪ್ರತಿ ವರ್ಷವೂ ಒಂದೇ ಕಾಲದ, ಉಬ್ಬರವಿಳಿತದ ಮಟ್ಟ ಆದಷ್ಟು ಒಂದೇ ಇರುವ ಚಿತ್ರಗಳನ್ನು ಇಬ್ಬರೂ ಒಟ್ಟಿಗೆ ಕೂತು ಆರಿಸಿದರು. ಊರಿನ ಹೆಸರು ಅಳಿಸಿ ಯಲ್ಲಾಪುರದ ಉಲ್ಲಾಸನಿಗೆ ಕಳಿಸಿದರು. ಅವನು ಇದೇ ಕಸುಬಿನವನು, ಆ ಬಂದರನ್ನು ಕಂಡವನಲ್ಲ. ಅವನ ಗೆರೆಗಳು ಬಂದಾಗ ಉತ್ತರದ ಕೊರೆತ ರೋಹಿಣಿ ತೋರಿಸಿದಷ್ಟು ಇರಲಿಲ್ಲ. ಆದರೆ ಕಡಲು ವರ್ಷ ವರ್ಷವೂ ಒಳಗೆ ಬಂದದ್ದು ನಿಚ್ಚಳವಾಗಿತ್ತು. ಗೋಡೆಯ ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ಮರಳು ಸೇರಿತ್ತು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ದಂಡೆ ಸ್ಥಿರವಾಗಿದೆ ಎಂದು ಬರೆಯಬಹುದಿತ್ತು. ಎರಡು ಕಡೆಯದನ್ನೂ ಬೇರೆ ಬೇರೆಯಾಗಿಯೇ ಬರೆಯಬೇಕೆಂದು ಅವಳು ಹಠ ಹಿಡಿದಳು. ಕಮಲಾಕರರು ವಾದಿಸದೆ ಹೂಂ ಅಂದರು. ಇಷ್ಟು ಸುಲಭವಾಗಿ ಒಪ್ಪಿದ್ದೇಕೆ ಎಂದು ಅವಳಿಗೆ ಅದರ ಮೇಲೂ ಅನುಮಾನ.

ವರದಿಯ ಮೊದಲ ಪುಟದಲ್ಲಿ ಕಮಲಾಕರರ ಹೆಸರಿನ ಮೇಲೆ ಅವಳ ಹೆಸರಿತ್ತು. ಅವಳ ನೆಂಟರು ಆ ಊರಲ್ಲಿದ್ದಾರೆ ಎಂಬುದನ್ನೂ ಸ್ಪಷ್ಟವಾಗಿ ಬರೆದಿದ್ದರು. ಕೆಲಸ ನಿನ್ನದು, ಹೆಸರೂ ನಿನ್ನದೇ ಎಂದರು. ಇದು ಗೌರವವೋ, ಏಟು ಬಿದ್ದರೆ ಅವಳಿಗೇ ಬೀಳಲಿ ಎಂದೋ? ಪ್ರತಿ ಪುಟವನ್ನೂ ಮತ್ತೆ ಓದಿ ಅವಳು ಸಹಿ ಹಾಕಿದಳು.

ಬಂದರಿನ ಊರಿನ ಶಾಲೆಯಲ್ಲಿ ಗೋಡೆಯ ಬಗ್ಗೆ ಜನರ ಅಹವಾಲು ಸಭೆ ನಡೆಯಿತು. ಈ ಗೆರೆ ನೆಂಟರಿಗಾಗಿ ಎಳೆದದ್ದು ಎಂದ ವಿನೋದ. ರೋಹಿಣಿ ಎದ್ದು ಚಿತ್ರಗಳನ್ನು ಆರಿಸಿದ ಬಗೆಯನ್ನೂ ಗೆರೆ ಎಳೆದವನು ಬೇರೆ ಎಂಬುದನ್ನೂ ವಿವರಿಸಿದಳು. ನೆಂಟಸ್ತನ ವರದಿಯಲ್ಲೇ ಇದೆ, ಮುಚ್ಚಿಟ್ಟಿಲ್ಲ ಎಂದಳು. ಆಗ ಕಮಲಾಕರರು ತಾವಾಗಿಯೇ ಎದ್ದು, ಮೊದಲ ಕರಡು ತಮ್ಮದು, ಅದು ತಪ್ಪಾಗಿತ್ತು ಎಂದರು. ಅದನ್ನು ಅವಳು ನಿರೀಕ್ಷಿಸಿರಲಿಲ್ಲ.

ಗೋಡೆಯ ಕೆಲಸ ಇನ್ನೊಂದು ಅಧ್ಯಯನ ಆಗುವವರೆಗೆ ನಿಂತಿತು. ಹಿಂತಿರುಗುವಾಗ ಕಾರಿನಲ್ಲಿ ಅವಳು, ತಾರೀಖು ನಿಜವಾಗಿಯೂ ನೋಡಿರಲಿಲ್ಲವೇ ಎಂದು ಇನ್ನೊಮ್ಮೆ ಕೇಳಿದಳು. ನೋಡಿರಲಿಲ್ಲ ಎಂದರು ಅವರು, ಕಣ್ಣು ರಸ್ತೆಯಿಂದ ತೆಗೆಯದೆ. ಘಟ್ಟದ ತಿರುವಾದ್ದರಿಂದ ಅದೂ ಸಹಜವೇ. ಅವಳು ಅರ್ಧ ನಂಬಿದಳು. ಈಗಲೂ ಅದೇ ಕಚೇರಿಯಲ್ಲಿದ್ದಾಳೆ.

ದೇವಿಯ ಮನೆಯವರು ಯಾವ ಅಧ್ಯಯನಕ್ಕೂ ಕಾಯಲಿಲ್ಲ. ಈ ಮಳೆಗಾಲಕ್ಕೆ ಮೊದಲೇ ಕಡಲ ಕಡೆಗಿದ್ದ ದನದ ಕೊಟ್ಟಿಗೆಯನ್ನು ಕಿತ್ತು ಮನೆಯ ಹಿಂದಕ್ಕೆ ಹಾಕಿಕೊಂಡರು.